ಲಿವರ್‌ಮೋರ್ ಗುಡ್ಡದ ದನ, ನಮ್ಮೂರ ಕೊಟ್ಟಿಗೆಯ ಹೆಣ್ಣುಗರು

ಬೇ ಏರಿಯಾದ ಕನ್ನಡಿಗರಿಗೆ ಲಿವರ್‌ಮೋರ್ ಎಂದರೆ ಶಿವ–ವಿಷ್ಣು ದೇವಸ್ಥಾನ. ಊರಿನಿಂದ ಬಂದ ಅಪ್ಪ, ಅಮ್ಮನನ್ನು ಮೊದಲ ವಾರಾಂತ್ಯ ಕರೆದೊಯ್ಯುವುದು ಅಲ್ಲಿಗೇ. ದಾರಿಯ ಗುಡ್ಡಗಳಲ್ಲಿ ಮೇಯುವ ಕಪ್ಪು ದನಗಳನ್ನು ಕಂಡ ಕೂಡಲೇ ಹಿರಿಯರ ಪ್ರಶ್ನೆ: ‘ಇವು ದಿನಕ್ಕೆ ಎಷ್ಟು ಲೀಟರ್ ಕೊಡುತ್ತವೆ?’ ಅವು ಹಾಲಿನ ದನಗಳಲ್ಲ, ಹೆಚ್ಚಿನವು ಮಾಂಸದ ತಳಿಗಳು ಎಂದಾಗ ಮಾತು ಅಲ್ಲಿಗೇ ನಿಲ್ಲುತ್ತದೆ.

ಆದರೆ ಈ ಲಿವರ್‌ಮೋರ್‌ಗೂ ನಮ್ಮೂರ ಕೊಟ್ಟಿಗೆಗೂ ನಂಟಿದೆ. ಹೆಣ್ಣುಗರು ಬೇಕೆನ್ನುವ ರೈತರಿಗೆ ಈಗ ‘ಲಿಂಗ ನಿರ್ಧರಿತ ವೀರ್ಯ ನಳಿಕೆ’ ಸಿಗುತ್ತಿದೆಯಲ್ಲ, ಅದರ ಬೇರು ಇಲ್ಲಿದೆ. ಬಣ್ಣ ಹಚ್ಚಿದ ಜೀವಕೋಶಗಳನ್ನು ಹೊಳಪು ನೋಡಿ ಬೇರ್ಪಡಿಸುವ ಯಂತ್ರವನ್ನು ರೂಪಿಸಿದ್ದು ಸ್ಟ್ಯಾನ್‌ಫರ್ಡ್‌ನ ಲಿಯೊನಾರ್ಡ್ ಹರ್ಜೆನ್‌ಬರ್ಗ್ ತಂಡ. 1982ರಲ್ಲಿ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದ ಡ್ಯಾನ್ ಪಿಂಕೆಲ್ ಮತ್ತು ಸಂಗಡಿಗರು ಕಾಡಿಲಿಯೊಂದರ ವೀರ್ಯಾಣುಗಳನ್ನು ಹೀಗೆ ಬೇರ್ಪಡಿಸಿ ತೋರಿಸಿದರು. ಅವರ ಜತೆಗಿದ್ದ ಅಮೆರಿಕ ಕೃಷಿ ಇಲಾಖೆಯ ಲ್ಯಾರಿ ಜಾನ್ಸನ್ ಕೆಲಸ ಮುಂದುವರಿಸಿದರು. 1989ರಲ್ಲಿ, ಬೇರ್ಪಡಿಸಿದ ವೀರ್ಯದಿಂದ ಮೊಲದ ಮರಿಗಳು ಹುಟ್ಟಿದ ವರದಿ ಬಂತು.

ತಂತ್ರ ಸರಳ. ಹೋರಿಯ ವೀರ್ಯದಲ್ಲಿ ಹೆಣ್ಣುಗರು ಕೊಡುವ ಎಕ್ಸ್, ಗಂಡುಗರು ಕೊಡುವ ವೈ ಎಂಬ ಎರಡು ಬಗೆಯ ವೀರ್ಯಾಣುಗಳಿವೆ. ಎಕ್ಸ್‌ನಲ್ಲಿ ಡಿಎನ್ಎ ಸುಮಾರು ಶೇ 4ರಷ್ಟು ಹೆಚ್ಚು. ಬಣ್ಣ ಹಚ್ಚಿ ಲೇಸರ್ ಬಿಟ್ಟರೆ ಅದು ತುಸು ಹೆಚ್ಚು ಹೊಳೆಯುತ್ತದೆ. ಯಂತ್ರ ಆ ಹೊಳಪನ್ನು ಗುರುತಿಸಿ ಆರಿಸುತ್ತದೆ.

ಮಾಂಸದ ದನ ಸಾಕುವವರ ಆಸೆ ನಮ್ಮದಕ್ಕೆ ತದ್ವಿರುದ್ಧ. ಮೇವನ್ನು ತೂಕವಾಗಿಸುವುದರಲ್ಲಿ ಗಂಡುಗರು ಸುಮಾರು ಶೇ 15ರಷ್ಟು ಮುಂದು. ಹಾಗಾಗಿ ಇಲ್ಲಿಗೆ ಹತ್ತಿರದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲಿಸನ್ ವಾನ್ ಈನೆನಾಮ್ ತಂಡ ವಂಶವಾಹಿಗೇ ಕೈ ಹಾಕಿತು. ಗಂಡುತನ ರೂಪಿಸುವ ಎಸ್‌ಆರ್‌ವೈ ಜೀನನ್ನು ಭ್ರೂಣದ 17ನೇ ಕ್ರೋಮೊಸೋಮ್‌ಗೆ ಸೇರಿಸಿತು. 2020ರ ಏಪ್ರಿಲ್‌ನಲ್ಲಿ ಹುಟ್ಟಿದ ಆ ಕರುವಿನ ಹೆಸರು ಕಾಸ್ಮೊ. ಅದರ ಸಂತತಿಯಲ್ಲಿ ಶೇ 75ರಷ್ಟು ಕರುಗಳು ಗಂಡಿನಂತೆ ಬೆಳೆಯಬೇಕೆಂಬುದು ಲೆಕ್ಕಾಚಾರ.

ನಮ್ಮಲ್ಲಿ ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಮಿಶ್ರತಳಿಯ ಗಂಡುಗರು ಹುಟ್ಟಿದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಮೇವಿನ ಖರ್ಚು ಉಂಟು, ಆದಾಯವಿಲ್ಲ. 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ದೇಶೀಯ ಲಿಂಗ ನಿರ್ಧರಿತ ವೀರ್ಯ ತಂತ್ರಜ್ಞಾನಕ್ಕೆ ಚಾಲನೆ ನೀಡಿದರು. ನಳಿಕೆಯ ಬೆಲೆ ಇಳಿಸುವುದೇ ಅದರ ಉದ್ದೇಶ.

ಊರಿಗೆ ಹಸು ಕೊಳ್ಳಲು ಹಣ ಕಳಿಸುವ ಮಕ್ಕಳು ಫೋನಿನಲ್ಲಿ ಎರಡು ಮಾತು ಹೇಳಿದರೆ ಒಳ್ಳೆಯದು. ಒಂದು, ಹೆಣ್ಣುಗರು ಸಿಗುವ ಸಾಧ್ಯತೆ ಸುಮಾರು ಶೇ 90, ಪೂರ್ತಿ ನೂರಲ್ಲ. ಎರಡು, ಈ ನಳಿಕೆಯಲ್ಲಿ ವೀರ್ಯಾಣುಗಳ ಸಂಖ್ಯೆ ಬಹಳ ಕಡಿಮೆ, ಗಬ್ಬ ನಿಲ್ಲುವ ಸಾಧ್ಯತೆಯೂ ತುಸು ಕಡಿಮೆ. ಆರೋಗ್ಯವಾಗಿರುವ ಪಡ್ಡೆಗೆ, ಬೆದೆಯ ಸರಿಯಾದ ಹೊತ್ತು ನೋಡಿ ಹಾಕಿಸಬೇಕು. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ ಹೊತ್ತನ್ನು ಕಂಡುಹಿಡಿಯಲು ಇಂದಿಗೂ ಬೇಕಾದದ್ದು ಕೊಟ್ಟಿಗೆಯಲ್ಲಿರುವ ಅಮ್ಮನ ಕಣ್ಣೇ.