ತಾತನ ತೋಳಿನ ದಾಕು ಮತ್ತು ದೊಡ್ಡಸ್ವಾಮಿಯವರು

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ, ಪಕ್ಕದ ಮನೆಯ ಹುಡುಗಿ ನರ್ಸ್ ಕೆಲಸದಲ್ಲಿದ್ದಾಳೆ. ಈಚೆಗೆ ಅವಳು ತನ್ನ ಚರ್ಚಿನ ಏಳು ಮಂದಿಯ ಜೊತೆ ಹೊರದೇಶಕ್ಕೆ ಹೊರಟಳು. ಅಲ್ಲಿನ ಒಂದು ಬಡ ಸಭೆಗೂ ಇವರ ಸಭೆಗೂ ಹಲವು ವರ್ಷಗಳ ನಂಟು. ಮೂರು ವಾರ ಅಲ್ಲಿದ್ದು ಮಕ್ಕಳ ಆರೋಗ್ಯ ನೋಡುವುದು, ಶಾಲೆಯ ಸೋರುವ ಚಾವಣಿ ಸರಿಮಾಡಿಕೊಡುವುದು ಇವರ ಕೆಲಸ. ಹೊರಡುವ ದಿನ ಅವಳ ಚೀಲದಲ್ಲಿ ಔಷಧಿಗಿಂತ ನಮ್ಮೂರಿನ ಬಣ್ಣದ ಗೊಂಬೆಗಳೇ ಹೆಚ್ಚಾಗಿದ್ದವು.

ಆರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಗೇಟಿನ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಕಾರು ಹೋದ ಮೇಲೆ ಕೇಳಿದಳು: "ತಾತ, ಅಕ್ಕನಿಗೆ ಅಲ್ಲಿನ ಭಾಷೆ ಬರಲ್ಲ. ಅವರಿಗೆ ಕನ್ನಡ ಬರಲ್ಲ. ಅಷ್ಟು ದೂರ ಹೋಗಿ ಏನು ತಾನೇ ಮಾಡೋಕಾಗುತ್ತೆ?"

ನಾನು ಅಂಗಿಯ ತೋಳು ಮೇಲೆ ಸರಿಸಿ, ಅಲ್ಲಿರುವ ನಾಲ್ಕಾಣೆ ಅಗಲದ ಸುಕ್ಕುಗಟ್ಟಿದ ಕಲೆ ತೋರಿಸಿದೆ. "ಇದು ಏನು ಗೊತ್ತಾ?"

"ಸುಟ್ಟ ಗಾಯ."

"ಅಲ್ಲ ಪುಟ್ಟಿ. ಇದು ದಾಕು. ಇದು ಈ ನಾಡಿಗೆ ಬಂದ ಕಥೆಯಲ್ಲಿ ದೂರದಿಂದ ಬಂದ ಒಬ್ಬ ಪಾದ್ರಿ ಇದ್ದಾರೆ. ಅವರಿಗೂ ಬಂದಾಗ ನಮ್ಮ ಭಾಷೆ ಬರುತ್ತಿರಲಿಲ್ಲ."

ಅವಳಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಹುಟ್ಟಿದ ಜೀನ್ ಆಂಟೊಯಿನ್ ದುಬೊಯಿ 1792ರಲ್ಲಿ ಪಾದ್ರಿಯಾದರು. ಆಗ ಅಲ್ಲಿ ಮಹಾಕ್ರಾಂತಿಯ ಕಾಲ, ಪಾದ್ರಿಗಳ ಜೀವಕ್ಕೇ ಅಪಾಯ. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಪರವಾಗಿ ಹಡಗು ಹತ್ತಿ ಭಾರತಕ್ಕೆ ಬಂದರು. 1658ರಲ್ಲಿ ಶುರುವಾದ ಆ ಸಂಘ ತನ್ನ ಪಾದ್ರಿಗಳನ್ನು ಏಷ್ಯಾದ ದೇಶಗಳಿಗೆ ಕಳಿಸುತ್ತಿತ್ತು. ದುಬೊಯಿ ಮೊದಲ ಕೆಲವು ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದ. ನಮ್ಮ ಸೀಮೆಯೂ ಆ ಯುದ್ಧಗಳಲ್ಲಿ ನಲುಗಿತ್ತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ರಾಮಗಿರಿಯ ಪಕ್ಕದಲ್ಲೇ, ಚನ್ನಪಟ್ಟಣದ ಮೇಲೆಯೇ ಹಾದು ಹೋಗುತ್ತಿತ್ತು. ಮಾಗಡಿಯ ಸಾವನದುರ್ಗವನ್ನು ಇಂಗ್ಲಿಷರು 1791ರಲ್ಲೇ ಹಿಡಿದಿದ್ದರು. ಇಂದಿನ ರಾಮನಗರ 1800ರಲ್ಲಿ ಬ್ಯಾರಿ ಕ್ಲೋಸ್ ಎಂಬ ಇಂಗ್ಲಿಷ್ ರೆಸಿಡೆಂಟನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು. ಕನಕಪುರ ಆಗ ಕಾನಕಾನಹಳ್ಳಿ. ಇದೇ ಹೊತ್ತಿನಲ್ಲಿ ದುಬೊಯಿ ಮೈಸೂರು ಸೀಮೆಗೆ ಬಂದರು.

ಅವರು ಬಂದದ್ದು ಚದುರಿ ಹೋಗಿದ್ದ ಕ್ರೈಸ್ತ ಸಭೆಗಳನ್ನು ಮತ್ತೆ ಕೂಡಿಸಲು. ಇಲ್ಲಿ ಅವರಿಗಿಂತ ಮೊದಲೇ ಕ್ರೈಸ್ತರಿದ್ದರು. 17ನೇ ಶತಮಾನದ ಮಧ್ಯದಲ್ಲಿಯೇ ಜೆಸ್ವಿತ್ ಪಾದ್ರಿಗಳು ಶ್ರೀರಂಗಪಟ್ಟಣದಲ್ಲಿ ಮಿಷನ್ ತೆರೆದು ಕನ್ನಡ ಕಲಿತು ಹಳ್ಳಿಗಳಲ್ಲಿ ಓಡಾಡಿದ್ದರು. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಊರುಗಳಲ್ಲಿ ಇಂದಿಗೂ ಕನ್ನಡ ಕ್ರೈಸ್ತ ಮನೆತನಗಳಿವೆ. ಆದರೆ 1773ರಲ್ಲಿ ರೋಮಿನ ಪೋಪರು ಜೆಸ್ವಿತ್ ಸಂಘವನ್ನೇ ಮುಚ್ಚಿಬಿಟ್ಟರು. ಪಾದ್ರಿಗಳು ವಿರಳವಾದರು. ಮೇಲೆ ಯುದ್ಧಗಳು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದವರ ದುಃಖ ಬೇರೆ. ಉಳಿದವರು ಬಡವರು, ಹೊಲ ಮನೆ ಕಳೆದುಕೊಂಡವರು.

ಇಂಥ ಜನರ ನಡುವೆ ದುಬೊಯಿ ಮೊದಲು ಮಾಡಿದ ಕೆಲಸವೇನು ಗೊತ್ತೇ ಮಕ್ಕಳೇ? ತಮ್ಮ ಬಟ್ಟೆ ಬದಲಾಯಿಸಿದರು! ಯೂರೋಪಿನವರ ಸಹವಾಸ ಬಿಟ್ಟು, ಪೇಟ ಸುತ್ತಿ, ನಿಲುವಂಗಿ ತೊಟ್ಟು, ಊರವರಂತೆ ಉಂಡು, ಊರವರ ಮಾತನ್ನು ಕಲಿತರು. ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಅವರ ಚಿತ್ರದಲ್ಲಿಯೂ ಅವರು ಇದೇ ವೇಷದಲ್ಲಿದ್ದಾರೆ. ಜನ ಅವರನ್ನು "ದೊಡ್ಡಸ್ವಾಮಿಯವರು" ಎಂದು ಕರೆದರು. ಎಲ್ಲ ಜಾತಿಯವರೂ ಅವರನ್ನು ಬಾಗಿಲಿಗೆ ಬಂದವರೆಂದು ಆದರದಿಂದ ಕಂಡರಂತೆ.

ಹೊಟ್ಟೆಗಿಲ್ಲದವರಿಗೆ ಉಪದೇಶ ಮಾಡಿ ಫಲವಿಲ್ಲವೆಂದು ಅವರಿಗೆ ತಿಳಿದಿತ್ತು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕುಟುಂಬಗಳನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಬಿತ್ತಿ ಬೆಳೆದು ತಿನ್ನುವ ಆ ಊರು ಇಂದಿಗೂ ಇದೆ.

ಇನ್ನು ದಾಕಿನ ಮಾತು.

ಸಿಡುಬು ಎಂಬ ರೋಗವನ್ನು ಇಂದಿನ ಮಕ್ಕಳು ನೋಡಿಲ್ಲ, ನೋಡುವುದೂ ಬೇಡ. ಜ್ವರ ಬಂದು ಮೈಯೆಲ್ಲ ಕೀವಿನ ಗುಳ್ಳೆ ಏಳುತ್ತಿತ್ತು. ಹಲವರು ಸಾಯುತ್ತಿದ್ದರು. ಬದುಕಿದವರ ಮುಖದಲ್ಲಿ ಗುಳಿಗಳು ಉಳಿಯುತ್ತಿದ್ದವು, ಕೆಲವರ ಕಣ್ಣೇ ಹೋಗುತ್ತಿತ್ತು. ಜನ ಭಯಭಕ್ತಿಯಿಂದ ಅದನ್ನು "ಅಮ್ಮ" ಎಂದು ಕರೆಯುತ್ತಿದ್ದರು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಒಂದು ಸಂಗತಿಯನ್ನು ಪರೀಕ್ಷಿಸಿ ನೋಡಿದ. ಹಸುವಿನ ಸಿಡುಬು ತಗಲಿದ ಹಾಲು ಕರೆಯುವವರಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂದು ಅಲ್ಲಿನ ರೈತರು ಹೇಳುತ್ತಿದ್ದರು. ಹಾಗೆ ಹಸುವಿನ ಸಿಡುಬು ತಗಲಿದ್ದ ಒಬ್ಬ ಹೆಣ್ಣುಮಗಳ ಕೈಯ ಗುಳ್ಳೆಯ ರಸವನ್ನು ಅವನು 8 ವರ್ಷದ ಒಬ್ಬ ಹುಡುಗನ ತೋಳಿಗೆ ಗೀರಿ ಹಚ್ಚಿದ. ಆ ಹುಡುಗನಿಗೆ ಸಿಡುಬು ಬರಲಿಲ್ಲ.

ಔಷಧಿಯೇನೋ ಸಿಕ್ಕಿತು, ಭಾರತಕ್ಕೆ ತರುವುದು ಹೇಗೆ? ಆಗ ಫ್ರಿಜ್ ಇಲ್ಲ, ಮಂಜುಗಡ್ಡೆಯ ಪೆಟ್ಟಿಗೆ ಇಲ್ಲ. ರಸ ದಾರಿಯ ಬಿಸಿಲಿಗೆ ಕೆಡುತ್ತಿತ್ತು. ಅದನ್ನು ಕೆಡದಂತೆ ಉಳಿಸುವ ಭರವಸೆಯ ದಾರಿಯೆಂದರೆ ಮಕ್ಕಳ ತೋಳು! ಒಂದು ಮಗುವಿಗೆ ದಾಕು ಹಾಕುವುದು. ವಾರದ ಹೊತ್ತಿಗೆ ಅಲ್ಲಿ ಗುಳ್ಳೆ ಮಾಗುತ್ತದೆ. ಆ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ ಹಚ್ಚುವುದು. ಹೀಗೆ ತೋಳಿನಿಂದ ತೋಳಿಗೆ, ದೀಪದಿಂದ ದೀಪ ಹಚ್ಚಿದ ಹಾಗೆ. ನಡುವೆ ಒಂದು ಕಡೆ ಸರಪಳಿ ಕಡಿದರೆ ಮತ್ತೆ ದೂರದಿಂದ ರಸ ತರಿಸಬೇಕು. 1803ರಲ್ಲಿ ಸ್ಪೇನಿನವರು ತಮ್ಮ ಅಮೆರಿಕ ವಸಾಹತುಗಳಿಗೆ ಇದನ್ನು ಒಯ್ಯಲು ಇಪ್ಪತ್ತಕ್ಕೂ ಹೆಚ್ಚು ಅನಾಥ ಹುಡುಗರನ್ನೇ ಹಡಗಿನಲ್ಲಿ ಕರೆದೊಯ್ದರು.

ನಮ್ಮ ದೇಶಕ್ಕೆ ಅದು ಬಾಗ್ದಾದ್, ಬಸ್ರಾ ದಾರಿಯಾಗಿ ಬಂತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ದಸ್ತಾಲ್ ಎಂಬ 3 ವರ್ಷದ ಹುಡುಗಿಗೆ ದಾಕು ಹಿಡಿಯಿತು. ಆ ಪುಟ್ಟ ತೋಳಿನಿಂದ ಹೊರಟ ಸರಪಳಿಯೇ ದೇಶದ ಬೇರೆ ಬೇರೆ ಕಡೆಗೆ ಹಬ್ಬಿತು.

ಮೈಸೂರು ಸೀಮೆಯಲ್ಲಿ ಈ ಸರಪಳಿಯನ್ನು ಹಿಡಿದು ಮುಂದಕ್ಕೆ ಸಾಗಿಸಿದವರಲ್ಲಿ ದೊಡ್ಡಸ್ವಾಮಿಯವರು ಮುಖ್ಯರು. ಜನ ಸುಲಭಕ್ಕೆ ಒಪ್ಪಿದರೆಂದು ತಿಳಿಯಬೇಡಿ. ಬೇರೆ ಮನೆಯ ಮಗುವಿನ ಮೈಯ ರಸವನ್ನು ನಮ್ಮ ಮಗುವಿಗೆ ಹಚ್ಚುವುದೇ? ಅಮ್ಮ ಮುನಿದರೆ? ಇಂಥ ಅನುಮಾನಗಳಿಗೆ ಸರ್ಕಾರದ ಆಜ್ಞೆ ಉತ್ತರ ಕೊಡಲಾರದು. ಪರಿಚಯದ ಮನುಷ್ಯನೊಬ್ಬ ಜಗಲಿಯ ಮೇಲೆ ಕುಳಿತು, ಅವರದೇ ಮಾತಿನಲ್ಲಿ ತಿಳಿಹೇಳಬೇಕು. 1803–04ರಲ್ಲಿ 25,432 ಮಂದಿಗೆ ದಾಕು ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿ ದಾಖಲಾಗಿದೆ. ಜೀವಮಾನವೆಲ್ಲ ಬ್ಯಾಂಕಿನ ಲೆಡ್ಜರ್ ಬರೆದ ನನಗೆ ಆ ಕೊನೆಯ 32 ಬಹಳ ಇಷ್ಟ. "ಸುಮಾರು ಇಪ್ಪತ್ತೈದು ಸಾವಿರ" ಎಂದು ಬರೆದು ಮುಗಿಸಬಹುದಿತ್ತು. ಒಂದೊಂದು ಮಗುವನ್ನೂ ಎಣಿಸಿದ್ದಾರೆ.

ಅರಮನೆಯೂ ಹಿಂದೆ ಬೀಳಲಿಲ್ಲ. 1805ರ ಸುಮಾರಿಗೆ ಅದೇ ಥಾಮಸ್ ಹಿಕಿ ಮೈಸೂರಿನ ಮೂವರು ರಾಣಿಯರ ಚಿತ್ರ ಬರೆದ. ಅದರಲ್ಲಿ ಒಬ್ಬ ಎಳೆಯ ರಾಣಿ ಸೆರಗು ಸರಿಸಿ ತನ್ನ ತೋಳನ್ನು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿದ ಜಾಗ, ನಡುವೆ ನಿಂತವರು ಅಜ್ಜಿ ಲಕ್ಷ್ಮಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ಹಾಗಿದ್ದರೆ ಆ ಚಿತ್ರ ಪ್ರಜೆಗಳಿಗೆ ಹೇಳಿದ ಮಾತು ಸರಳ: ನಾವು ಹಾಕಿಸಿಕೊಂಡಿದ್ದೇವೆ, ನೀವೂ ಹಾಕಿಸಿಕೊಳ್ಳಿ.

ದೊಡ್ಡಸ್ವಾಮಿಯವರಲ್ಲಿ ತಪ್ಪುಗಳೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ಜನರ ನಡೆನುಡಿಯ ಬಗ್ಗೆ ಅವರ ಹೆಸರಿನ ದೊಡ್ಡ ಪುಸ್ತಕವನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡಾ ಕೊಟ್ಟು ಕೊಂಡಿತು. ಅದರಲ್ಲಿ ನಮ್ಮವರ ಬಗ್ಗೆ ಕಟುವಾದ ಮಾತುಗಳೂ ಇವೆ. ಅದರ ಬಹುಭಾಗ ಅವರಿಗಿಂತ ಹಿಂದಿನ ಕೂರ್ದೂ ಎಂಬ ಜೆಸ್ವಿತ್ ಪಾದ್ರಿಯ ಬರಹದಿಂದ ಎತ್ತಿಕೊಂಡದ್ದೆಂದು ಮುಂದೆ ವಿದ್ವಾಂಸರು ತೋರಿಸಿಕೊಟ್ಟರು. ಇನ್ನೊಬ್ಬರ ಖಾತೆಯ ಹಣವನ್ನು ತನ್ನ ಖಾತೆಗೆ ಜಮಾ ಮಾಡಿಕೊಂಡರೆ ಬ್ಯಾಂಕಿನಲ್ಲಿ ಏನಾಗುತ್ತದೆಂದು ನಿಮಗೇ ಗೊತ್ತು! ಅದನ್ನು ಖರ್ಚಿನ ಕಡೆಗೇ ಬರೆಯಬೇಕು.

ಮೂವತ್ತು ವರ್ಷ ದುಡಿದ ಮೇಲೆ, ತಾನು ಬಂದ ಮುಖ್ಯ ಉದ್ದೇಶವಾದ ಮತಪ್ರಚಾರ ಇಲ್ಲಿ ಸಫಲವಾಗಲಿಲ್ಲವೆಂದು ಅವರೇ ಬರೆದು ಪ್ರಕಟಿಸಿದರು. 1823ರ ಜನವರಿಯಲ್ಲಿ ಭಾರತ ಬಿಟ್ಟು ಪ್ಯಾರಿಸ್ಸಿಗೆ ಹೋದರು. ಅಲ್ಲಿ ಕುಳಿತು ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. 1848ರಲ್ಲಿ ತೀರಿಕೊಂಡರು. ಇಲ್ಲಿಂದ ಹೋದವರ ಜೊತೆ ನಮ್ಮ ನರಿ, ಮೊಸಳೆ, ಕೋತಿಗಳೂ ಹಡಗು ಹತ್ತಿ ಹೋದವೆಂದರೆ ಮೊಮ್ಮಗಳಿಗೆ ನಗುವೋ ನಗು.

ನಗು ನಿಂತ ಮೇಲೆ ಅವಳು ಕೇಳಿದಳು: "ನಿಮಗೆ ದಾಕು ಹಾಕಿದವರು ಯಾರು ತಾತ?"

ಆಗ ನನಗೆ ಐದೋ ಆರೋ ವರ್ಷ. ಹಳ್ಳಿಗೆ ದಾಕು ಹಾಕುವವರು ಬಂದರೆಂಬ ಸುದ್ದಿ ಬಂದೊಡನೆ ನಮ್ಮಜ್ಜಿ ನನ್ನನ್ನು ರಾಗಿ ತುಂಬುವ ವಾಡೆಯ ಹಿಂದೆ ಬಚ್ಚಿಟ್ಟು, ಬಾಗಿಲಲ್ಲಿ ಕುಳಿತುಬಿಟ್ಟರು. ಬಂದವರು ಎಷ್ಟು ಹೇಳಿದರೂ ಅಜ್ಜಿ ಜಗ್ಗಲಿಲ್ಲ. ಆಗ ಹಿತ್ತಿಲಿನಿಂದ ನನ್ನ ಸೋದರತ್ತೆ ಬಂದಳು. ಎಂಟನೇ ವಯಸ್ಸಿನಲ್ಲಿ ಅವಳಿಗೆ ಅಮ್ಮ ಎದ್ದು ಎಡಗಣ್ಣು ಹೋಗಿತ್ತು, ಮುಖದ ತುಂಬ ಗುಳಿ. ಅದೇ ಕಾರಣಕ್ಕೆ ಮದುವೆಯೂ ಆಗಿರಲಿಲ್ಲ. ಅವಳು ಯಾರ ಮುಂದೆಯೂ ತಲೆ ಎತ್ತಿ ನಿಲ್ಲುತ್ತಿರಲಿಲ್ಲ. ಅಂದು ಸೆರಗು ಸರಿಸಿ ಅಜ್ಜಿಯ ಮುಂದೆ ಮುಖ ಹಿಡಿದು ನಿಂತಳು.

"ನೋಡವ್ವ ಸರಿಯಾಗಿ. ಈ ಕೂಸಿಗೂ ಇದೇ ಆಗ್ಲಾ?"

ಅಜ್ಜಿ ಮಾತಾಡಲಿಲ್ಲ. ಎದ್ದು ದಾರಿ ಬಿಟ್ಟರು. ಅತ್ತೆ ನನ್ನನ್ನು ಎಳೆದು ತಂದು ತೊಡೆಯ ಮೇಲೆ ಕೂರಿಸಿಕೊಂಡಳು. ತೋಳಿನ ಮೇಲೆ ಹಲ್ಲಿನ ಬಿಲ್ಲೆಯಂಥದ್ದನ್ನು ಇಟ್ಟು ತಿರುವಿದರು. ನಾನು ಊರು ಕೇಳುವ ಹಾಗೆ ಅತ್ತೆ. ಅವಳು ಮಾತ್ರ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡ ನೆನಪಿಲ್ಲ.

ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಸಿಕ್ಕಿದ್ದು 1975ರಲ್ಲಿ. ಇಡೀ ಲೋಕದಿಂದಲೇ ಸಿಡುಬು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರ ಮೇ 8ರಂದು ಸಾರಿತು. ಅದಕ್ಕೇ ಮೊಮ್ಮಗಳ ತೋಳಿನಲ್ಲಿ ಈ ದಾಕು ಇಲ್ಲ.

ಮೂರು ವಾರ ಕಳೆದು ಪಕ್ಕದ ಮನೆಯ ಹುಡುಗಿ ವಾಪಸ್ ಬಂದಳು. ಮೊಮ್ಮಗಳು ಬಿಟ್ಟಾಳೆಯೇ? ಮೊದಲು ಅದೇ ಪ್ರಶ್ನೆ. ಅವಳು ಹೇಳಿದಳು: "ಮೊದಲ ನಾಲ್ಕು ದಿನ ಒಬ್ಬ ತಾಯಿಯೂ ಮಗುವನ್ನು ನಮ್ಮ ಹತ್ತಿರ ಬಿಡಲಿಲ್ಲ ಪುಟ್ಟಿ. ಐದನೇ ದಿನ ನಾವು ಅವರ ಅಡುಗೆ ಒಲೆಯ ಹತ್ತಿರ ಕುಳಿತು, ಅವರು ಕೊಟ್ಟಿದ್ದನ್ನು ತಿಂದು, ಗೊಂಬೆಗಳನ್ನು ಹರಡಿದೆವು. ಆ ಊರಿನ ಒಬ್ಬ ಮುದುಕಿ ತನ್ನ ಮೊಮ್ಮಗನನ್ನು ತಾನೇ ಎತ್ತಿಕೊಂಡು ಬಂದಳು. ಆಮೇಲೆ ಎಲ್ಲರೂ ಬಂದರು."

ಮೊಮ್ಮಗಳು ನನ್ನ ಕಡೆ ತಿರುಗಿ, "ನಿಮ್ಮ ಅತ್ತೆ ಥರ" ಎಂದಳು. ಹೌದು, ಎಂದೆ.

ಮಕ್ಕಳೇ, ಇಂದು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಅಜ್ಜಿ ತಾತನ ತೋಳು ನೋಡಿ. ಅಲ್ಲಿ ದಾಕು ಕಂಡರೆ, ಹಾಕಿಸಿಕೊಂಡ ದಿನ ಹತ್ತಿರ ಯಾರು ಕೂತಿದ್ದರು ಎಂದು ಕೇಳಿ. ಹೆಸರು ಹೇಳಿದರೆ ಬರೆದಿಟ್ಟುಕೊಳ್ಳಿ. ಅವರ ಹೆಸರು ಬೇರೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.