ಗೋಧಿ ಸೋಂಕಿದ ಊಟ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಊಟವನ್ನು ಚೆನ್ನಾಗಿ ಬಲ್ಲವರಾಗಿದ್ದೂ, ಪಥ್ಯವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೂ, ಮನೆಯ ಹೊಸಿಲು ದಾಟಿ ಊಟಕ್ಕೆ ಕುಳಿತೊಡನೆ ರೋಗಕ್ಕೆ ಗುರಿಯಾಗುವವರು ಕೆಲವರಿದ್ದಾರೆ. ಅವರು ಬಡಿಸಿಕೊಂಡ ತಿಂಡಿಯಲ್ಲಿ ದೋಷವಿರುವುದಿಲ್ಲ. ದೋಷವಿರುವುದು ಆ ತಿಂಡಿ ಬೆಂದ ಒಲೆಯ ನೆರೆಹೊರೆಯಲ್ಲಿ.

ಭಾನುವಾರದ ಸಂಜೆ ಸಂಸಾರವೊಂದು ಹೋಟೆಲಿನ ಮೇಜಿನ ಸುತ್ತ ಕುಳಿತಿದೆ ಎಂದು ಭಾವಿಸಿ. ತಂದೆಗೆ ರವೆ ದೋಸೆ, ತಾಯಿಗೆ ಪೂರಿ ಸಾಗು. ಹತ್ತು ವರ್ಷದ ಮಗಳಿಗೆ ಗೋಧಿ ಸಲ್ಲದೆಂದು ವೈದ್ಯರ ಕಟ್ಟಪ್ಪಣೆ. ಆದುದರಿಂದ ಅವಳಿಗೆ ಸಾದಾ ದೋಸೆ. ಅಕ್ಕಿ, ಉದ್ದಿನಬೇಳೆ, ಮೆಂತ್ಯ. ಇದರಲ್ಲಿ ಗೋಧಿಯೆಲ್ಲಿ ಬಂತು? ಒಳಗೆ ಅಡಿಗೆಯವನು ರವೆ ದೋಸೆಯನ್ನು ಮಗುಚಿ ತೆಗೆದು, ಕಾವಲಿಯ ಮೇಲೆ ನೀರು ಚಿಮುಕಿಸಿ, ಪೊರಕೆಯಿಂದ ಒಮ್ಮೆ ಗುಡಿಸಿ, ಅದೇ ಜಾಗದಲ್ಲಿ ಅಕ್ಕಿಯ ಹಿಟ್ಟನ್ನು ಹುಯ್ಯುತ್ತಾನೆ. ಮಗಳು ತಿಂದದ್ದು ಅಕ್ಕಿಯ ದೋಸೆಯೇ ಹೌದು. ಆದರೆ ಅವಳ ಕರುಳಿಗೆ ತಲುಪಿದ್ದು ಗೋಧಿಯೂ ಹೌದು.

ಈ ಮಗಳಿಗಿರುವ ವ್ಯಾಧಿಯ ಹೆಸರು ಸೀಲಿಯಾಕ್ ರೋಗ.

ಕಣಕದೊಳಗಿನ ಹಗೆ

ಗೋಧಿ ಹಿಟ್ಟಿನ ಕಣಕದ ಉಂಡೆಯೊಂದನ್ನು ನೀರಿನಲ್ಲಿ ಕಿವುಚುತ್ತ ತೊಳೆದರೆ ಬಿಳಿಯ ಗಂಜಿಯೆಲ್ಲ ಹರಿದುಹೋಗಿ, ರಬ್ಬರಿನಂತೆ ಎಳೆದಷ್ಟೂ ಹಿಗ್ಗುವ ಅಂಟುಮುದ್ದೆಯೊಂದು ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್ ಎಂಬ ಸಸಾರಜನಕ ವಸ್ತು. ಹೋಳಿಗೆಯ ಕಣಕ ಹರಿಯದೆ ಹೂರಣವನ್ನು ಒಡಲಲ್ಲಿಟ್ಟುಕೊಳ್ಳುವುದೂ, ಪರೋಟ ಪದರು ಪದರಾಗಿ ಬಿಚ್ಚಿಕೊಳ್ಳುವುದೂ, ಬ್ರೆಡ್ಡು ಉಬ್ಬಿ ನಿಲ್ಲುವುದೂ ಇದರ ಮಹಿಮೆ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದರ ದಾಯಾದಿಗಳಿವೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ ಮತ್ತು ಬೇಳೆಕಾಳುಗಳಲ್ಲಿ ಇಲ್ಲ.

ನಮ್ಮ ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತಿದೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಅಂಕುರಗಳಿದ್ದು, ಅವೇ ಆಹಾರದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುತ್ತವೆ. ಸೀಲಿಯಾಕ್ ಉಳ್ಳವರ ದೇಹದ ರಕ್ಷಣಾ ಪಡೆ ಗ್ಲುಟೆನ್ನನ್ನು ಕಂಡು ಶತ್ರುವೆಂದು ಭ್ರಮಿಸುತ್ತದೆ. ಶತ್ರುವಿನ ಮೇಲೆ ಎತ್ತಿದ ಕತ್ತಿ ತನ್ನ ಕರುಳಿನ ಮೇಲೆಯೇ ಬೀಳುತ್ತದೆ. ಅಂಕುರಗಳು ಸವೆದು ಮಖಮಲ್ಲು ಬೋಳಾಗುತ್ತದೆ. ಉಂಡದ್ದು ಮೈಗೆ ಹತ್ತದು. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಮೂಳೆಗಳ ದೌರ್ಬಲ್ಯ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ—ಇವು ಲಕ್ಷಣಗಳು. ಕೆಲವರಲ್ಲಿ ಹೊರಗೆ ಏನೊಂದೂ ಕಾಣಿಸದೆ ಒಳಗೇ ಹಾನಿ ನಡೆಯುವುದೂ ಉಂಟು.

ಇದು ಹೊಸ ವ್ಯಾಧಿಯಲ್ಲ. ಪ್ರಾಚೀನ ಗ್ರೀಕ್ ವೈದ್ಯನಾದ ಅರೆಟಿಯಸ್ ಇಂತಹ ರೋಗಿಗಳನ್ನು ವರ್ಣಿಸಿ, ಹೊಟ್ಟೆ ಎಂಬ ಅರ್ಥದ ತನ್ನ ಭಾಷೆಯ ಪದದಿಂದ ರೋಗಕ್ಕೆ ಹೆಸರಿಟ್ಟಿದ್ದನು. ಲಂಡನ್ನಿನ ಸ್ಯಾಮುಯೆಲ್ ಜೀ ೧೮೮೮ರಲ್ಲಿ, ಗುಣವಾಗುವುದಾದರೆ ಅದು ಆಹಾರದಿಂದಲೇ ಆಗಬೇಕೆಂದು ಬರೆದನು. ಆದರೆ ಯಾವ ಆಹಾರ ವೈರಿ ಎಂಬುದು ಅವನಿಗೂ ತಿಳಿಯಲಿಲ್ಲ.

ಅದನ್ನು ಕಂಡುಹಿಡಿದ ಕೀರ್ತಿ ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಎಂಬಾತನದು. ೧೯೩೦ರ ದಶಕದಿಂದಲೇ ಆತನ ಸಂಶಯ ಗೋಧಿಯ ಮೇಲಿತ್ತು. ೧೯೪೪-೪೫ರ ಚಳಿಗಾಲದಲ್ಲಿ, ಜರ್ಮನರ ಆಕ್ರಮಣದಲ್ಲಿದ್ದ ಹಾಲೆಂಡಿನಲ್ಲಿ ಭೀಕರ ಕ್ಷಾಮ ತಲೆದೋರಿತು. ಬ್ರೆಡ್ಡು ಮಾಯವಾಗಿ, ಜನರು ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ನಾಡಿನ ಮಕ್ಕಳೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ರೋಗಿಗಳಾದ ಮಕ್ಕಳು ಮಾತ್ರ ಚೇತರಿಸಿಕೊಂಡರು! ಬ್ರೆಡ್ಡು ಮರಳಿ ಬಂದಾಗ ಅವರ ರೋಗವೂ ಮರಳಿತು. ಕ್ಷಾಮ ಕಲಿಸಿದ ಈ ಪಾಠವನ್ನೂ ತನ್ನ ಪ್ರಯೋಗಗಳನ್ನೂ ಕೂಡಿಸಿ ಡಿಕೆ ೧೯೫೦ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧವನ್ನು ಒಪ್ಪಿಸಿದನು.

ಕೌತುಕದ ಸಂಗತಿಯೆಂದರೆ, ಅದೇ ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನಲ್ಲಿ ಅಭಾವವಾದದ್ದು ಅಕ್ಕಿ. ಅಕ್ಕಿ ಸಿಕ್ಕದ ಆ ಕಾಲದಲ್ಲಿ ಮಾವಳ್ಳಿ ಟಿಫನ್ ರೂಮ್ಸ್‌ನ ಅಡಿಗೆಮನೆಯಲ್ಲಿ ಗೋಧಿ ರವೆಯ ಇಡ್ಲಿ ಹುಟ್ಟಿತೆಂದು ಪ್ರತೀತಿ. ಒಂದು ಊರಿನ ಅಭಾವ ಗೋಧಿಯ ವೈರವನ್ನು ಬಯಲುಮಾಡಿತು; ಇನ್ನೊಂದು ಊರಿನ ಅಭಾವ ಗೋಧಿಯನ್ನು ಇಡ್ಲಿಯ ತಟ್ಟೆಗೂ ಕರೆತಂದಿತು.

ಎಷ್ಟು ಸೋಂಕಿದರೆ ಕೇಡು?

ಈ ರೋಗಕ್ಕೆ ಇಂದಿಗೂ ಗುಳಿಗೆಯಿಲ್ಲ, ಸೂಜಿಮದ್ದಿಲ್ಲ. ಗ್ಲುಟೆನ್ ಇಲ್ಲದ ಊಟವೊಂದೇ ಮದ್ದು, ಅದೂ ಬಾಳಿನುದ್ದಕ್ಕೂ. “ಒಂದು ಚೂರು ತಿಂದರೆ ಏನಾದೀತು?” ಎಂದು ಕೇಳುವ ಬಂಧುಗಳು ಅನೇಕ. ಅವರಿಗೆ ಉತ್ತರ ೨೦೦೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿದೆ. ಇಟಲಿಯ ವೈದ್ಯರು, ಪಥ್ಯದಲ್ಲಿದ್ದ ರೋಗಿಗಳ ಒಂದು ತಂಡಕ್ಕೆ ತೊಂಬತ್ತು ದಿನ ನಿತ್ಯವೂ ೫೦ ಮಿಲಿಗ್ರಾಂ ಗ್ಲುಟೆನ್ ಕೊಟ್ಟು ನೋಡಿದರು. ಅಷ್ಟರಿಂದಲೇ ಕರುಳಿನ ಅಂಕುರಗಳು ಕುಗ್ಗಿದುವು. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು ೨ ಗ್ರಾಂ ಗ್ಲುಟೆನ್ ಇರುತ್ತದೆ. ಎಂದರೆ ಆ ತುಂಡನ್ನು ನಲವತ್ತು ಪಾಲು ಮಾಡಿ ಒಂದು ಪಾಲನ್ನು ದಿನವೂ ತಿಂದಂತಾಯಿತು. ಮೈದಾ ಹಿಟ್ಟಿನ ಲೆಕ್ಕದಲ್ಲಿ ಅದು ಒಂದೆರಡು ಚಿಟಿಕೆ.

ಗ್ಲುಟೆನ್ ಇಲ್ಲವೆಂದು ಹೇಳಿಕೊಳ್ಳುವ ಆಹಾರದಲ್ಲಿ ಕಿಲೋ ಒಂದಕ್ಕೆ ೨೦ ಮಿಲಿಗ್ರಾಂ ಮೀರಿ ಅದು ಇರಕೂಡದೆಂಬುದು ಅಂತರರಾಷ್ಟ್ರೀಯ ಕಟ್ಟಳೆ. ಭಾರತದ ಕಾನೂನೂ ಇದನ್ನೇ ಹೇಳುತ್ತದೆ. ಇಂತಹ ಆಹಾರವನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ ಒಳಹೋಗುವುದು ೧೦ ಮಿಲಿಗ್ರಾಂ ಮಾತ್ರ. ಬಹುಮಂದಿ ರೋಗಿಗಳು ಅಷ್ಟನ್ನು ತಾಳಿಕೊಳ್ಳಬಲ್ಲರು.

ಅಡಿಗೆಮನೆಯ ಗುಪ್ತ ದಾರಿಗಳು

ಹೋಟೆಲಿನ ಅಡಿಗೆಮನೆಯಲ್ಲಿ ಈ ಚಿಟಿಕೆ ಹಿಟ್ಟು ಎಷ್ಟು ದಾರಿಗಳಿಂದ ನುಸುಳಬಹುದೆಂಬುದನ್ನು ನೋಡಿ.

ಮೊದಲನೆಯದು ಕಾವಲಿ. ಅದರ ವಿಚಾರ ಆಗಲೇ ಬಂದಿದೆ. ದೋಸೆ ಗರಿಗರಿಯಾಗಲೆಂದು ಹಿಟ್ಟಿಗೇ ಒಂದಿಷ್ಟು ಚಿರೋಟಿ ರವೆ ಸೇರಿಸುವವರೂ ಇದ್ದಾರೆ. ಎರಡನೆಯದು ಎಣ್ಣೆಯ ಬಾಣಲೆ. ಉದ್ದಿನ ವಡೆಯಲ್ಲಿ ಗೋಧಿಯಿಲ್ಲ, ನಿಜ; ಆದರೆ ಅದಕ್ಕೆ ಮೊದಲು ಅದೇ ಎಣ್ಣೆಯಲ್ಲಿ ಪೂರಿ ಉಬ್ಬಿದೆ, ಮೈದಾದ ಗೋಳಿಬಜೆ ಕರಿದಿದೆ. ಮೂರನೆಯದು ಇಡ್ಲಿಯ ಹಬೆಪಾತ್ರೆ. ರವೆ ಇಡ್ಲಿ ಬೆಂದ ತಟ್ಟೆಯನ್ನು ಒರೆಸಿ ಅಕ್ಕಿ ಇಡ್ಲಿ ಹುಯ್ದರೆ ಮುಗಿಯಿತು. ನಾಲ್ಕನೆಯದು ಸೌಟು. ಖಾರಾಬಾತಿನಲ್ಲಿ ಅದ್ದಿದ ಸೌಟು ಬಿಸಿಬೇಳೆ ಬಾತಿನ ಪಾತ್ರೆಗೂ ಇಳಿಯುತ್ತದೆ. ಐದನೆಯದು ಪರೋಟ ನಾದುವ ಕಲ್ಲು. ಅಲ್ಲಿಂದ ಏಳುವ ಮೈದಾದ ಧೂಳು ತೆರೆದಿಟ್ಟ ಚಟ್ನಿಯ ಮೇಲೆ ಕೂರುವುದನ್ನು ತಡೆಯುವವರಾರು?

ಇವೆಲ್ಲಕ್ಕಿಂತ ಗುಪ್ತವಾದದ್ದು ಇಂಗು. ಅಪ್ಪಟ ಇಂಗು ಒಂದು ಗಿಡದ ಬೇರಿನ ಅಂಟು, ಅದರಲ್ಲಿ ಗೋಧಿಯಿಲ್ಲ. ಆದರೆ ಅದರ ಘಾಟು ಅತಿಯಾದ್ದರಿಂದ ಅಂಗಡಿಯ ಇಂಗಿಗೆ ಗೋಂದನ್ನೂ ಹಿಟ್ಟನ್ನೂ ಬೆರೆಸಿರುತ್ತಾರೆ. ಆ ಹಿಟ್ಟು ಅನೇಕ ವೇಳೆ ಗೋಧಿಯದು ಅಥವಾ ಮೈದಾದ್ದು. ಸಾರು, ಹುಳಿ, ಚಟ್ನಿ, ಮೊಸರನ್ನದ ಒಗ್ಗರಣೆ—ಇಂಗಿಲ್ಲದೆ ನಮ್ಮ ಊಟ ಯಾವುದಿದೆ? ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಕ್ಕುತ್ತದೆ. ಡಬ್ಬಿಯ ಮೇಲಿನ ಬರಹವನ್ನು ಓದುವ ತಾಳ್ಮೆ ಬೇಕು. ಇನ್ನು ರಾಗಿಮುದ್ದೆ ನಿರಪಾಯವೆಂದು ನೆಮ್ಮದಿಪಡುವವರು, ಆ ರಾಗಿ ಬೀಸಿದ ಗಿರಣಿಯಲ್ಲಿ ಅದಕ್ಕೆ ಮೊದಲು ಏನು ಬೀಸಿದ್ದರೆಂದು ವಿಚಾರಿಸಬೇಕು. ಗೋಧಿಯ ಬೆನ್ನಿಗೇ ಬಿದ್ದ ರಾಗಿ ಗೋಧಿಯ ಶೇಷವನ್ನೂ ಹೊತ್ತು ಬರುತ್ತದೆ.

ಬೆಂಕಿ ಎಲ್ಲವನ್ನೂ ಶುದ್ಧಿಗೊಳಿಸುತ್ತದೆಂಬ ನಂಬಿಕೆ ಇಲ್ಲಿ ಸಲ್ಲದು. ಗ್ಲುಟೆನ್ ಕ್ರಿಮಿಯಲ್ಲ, ಕಾಯಿಸಿದರೆ ಸಾಯಲು. ಸಾಬೂನು ಹಾಕಿ ನೀರಿನಲ್ಲಿ ಚೆನ್ನಾಗಿ ತೊಳೆಯುವುದೊಂದೇ ಉಪಾಯ. ಮುಸುರೆಯ ಕಟ್ಟಳೆಯನ್ನು ಬಲ್ಲ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಸೌಟಿಗೆ ಸೌಟು ತಾಗಬಾರದು, ಪಾತ್ರೆಗೆ ಪಾತ್ರೆ ಬೆರೆಯಬಾರದು. ಭೇದವಿಷ್ಟೆ: ಇದು ಮನುಷ್ಯನ ಮೈಲಿಗೆಯಲ್ಲ, ಹಿಟ್ಟಿನ ಮೈಲಿಗೆ.

ಭಯಕ್ಕೂ ಒಂದು ಅಳತೆ

ಅಮೆರಿಕದಲ್ಲಿ ೮೦೪ ಮಂದಿ ಗ್ರಾಹಕರು ಕಿಸೆಯಲ್ಲಿಟ್ಟುಕೊಳ್ಳಬಹುದಾದ ಸಣ್ಣ ಯಂತ್ರವೊಂದರಿಂದ, ಗ್ಲುಟೆನ್ ಇಲ್ಲವೆಂದು ಹೋಟೆಲುಗಳು ಬಡಿಸಿದ ತಿನಿಸುಗಳನ್ನು ಹದಿನೆಂಟು ತಿಂಗಳ ಕಾಲ ಪರೀಕ್ಷಿಸಿದರು. ೨೦೧೯ರಲ್ಲಿ ಪ್ರಕಟವಾದ ವರದಿಯಂತೆ, ೫೬೨೪ ಪರೀಕ್ಷೆಗಳಲ್ಲಿ ನೂರಕ್ಕೆ ೩೨ರಷ್ಟರಲ್ಲಿ ಗ್ಲುಟೆನ್ ಸಿಕ್ಕಿತು. ಪಿಜ್ಜಾ ಮತ್ತು ಪಾಸ್ತಾಗಳಲ್ಲಿ ಅರ್ಧಕ್ಕೂ ಮಿಕ್ಕಿ. ಯಂತ್ರ ಅತಿ ಸೂಕ್ಷ್ಮವಾದದ್ದು, ಕಟ್ಟಳೆಯ ಮಿತಿಯೊಳಗಿನ ಅಂಶಕ್ಕೂ ಅದು ಕೂಗಿಕೊಳ್ಳಬಲ್ಲದು ಎಂಬುದನ್ನು ಮರೆಯಬಾರದು. ಆದರೂ ಹೋಟೆಲಿನ ಫಲಕವನ್ನು ಕಣ್ಣುಮುಚ್ಚಿ ನಂಬಲಾಗದೆಂಬುದು ಇದರಿಂದ ಸ್ಪಷ್ಟ.

ಹಾಗೆಂದು ಎಲ್ಲ ಭಯವೂ ನಿಜವಲ್ಲ. ೨೦೨೦ರಲ್ಲಿ ಅಮೆರಿಕದ ಇನ್ನೊಂದು ತಂಡ, ಗೋಧಿಯ ಬ್ರೆಡ್ಡು ಸುಟ್ಟ ಟೋಸ್ಟರಿನಲ್ಲಿಯೇ ಗ್ಲುಟೆನ್ ಇಲ್ಲದ ಬ್ರೆಡ್ಡನ್ನೂ ಸುಟ್ಟು ನೋಡಿತು. ಸೋಂಕು ಮಿತಿಯನ್ನು ಮೀರಲಿಲ್ಲ. ಗೋಧಿಯ ಪಾಸ್ತಾ ಬೆಂದ ನೀರಿನಲ್ಲಿಯೇ ಬೇಯಿಸಿದ ಪಾಸ್ತಾ ಮಾತ್ರ ಮಿತಿಯನ್ನು ಮೀರಿತು. ಒಣ ಸ್ಪರ್ಶಕ್ಕಿಂತ ಹಂಚಿಕೊಂಡ ನೀರು ಹೆಚ್ಚು ಅಪಾಯಕರವೆಂದಾಯಿತು. ಎಲ್ಲಿ ಹೆದರಬೇಕು, ಎಲ್ಲಿ ಬೇಡ ಎಂಬುದನ್ನು ಅರಿತವನಿಗೆ ಹೊರಗಿನ ಊಟ ಸಂಪೂರ್ಣ ನಿಷಿದ್ಧವಾಗಬೇಕಾಗಿಲ್ಲ.

ಇದಕ್ಕೆ ಇಟಲಿ ಸಾಕ್ಷಿ. ಗೋಧಿಯೇ ಅನ್ನವಾಗಿರುವ ಆ ನಾಡಿನಲ್ಲಿ ರೋಗಿಗಳ ಸಂಘವೊಂದು ೧೯೭೯ರಲ್ಲಿ ಹುಟ್ಟಿತು. ಅದು ಹೋಟೆಲಿನವರಿಗೆ ತರಬೇತಿ ಕೊಟ್ಟು, ಪಾತ್ರೆ, ಹಿಟ್ಟು, ಕೆಲಸದ ಜಾಗಗಳನ್ನು ಪ್ರತ್ಯೇಕಿಸುವ ಕ್ರಮವನ್ನು ಕಲಿಸಿ, ನಂಬಬಹುದಾದ ಸಾವಿರಾರು ಭೋಜನಶಾಲೆಗಳ ಪಟ್ಟಿಯನ್ನು ಸಿದ್ಧಪಡಿಸಿದೆ. ಶಾಲೆ, ಆಸ್ಪತ್ರೆ ಮುಂತಾದ ಸಾರ್ವಜನಿಕ ಭೋಜನಾಲಯಗಳಲ್ಲಿ ಕೇಳಿದವರಿಗೆ ಗ್ಲುಟೆನ್ ಇಲ್ಲದ ಊಟ ಕೊಡಬೇಕೆಂದು ೨೦೦೫ರಲ್ಲಿ ಅಲ್ಲಿ ಕಾನೂನೇ ಆಯಿತು.

ಕೇಳುವ ಬಗೆ

ಭಾರತದಲ್ಲಿ ಈ ರೋಗ ಹೆಚ್ಚಾಗಿರುವುದು ಗೋಧಿ ಉಣ್ಣುವ ಉತ್ತರದಲ್ಲಿ. ೨೦೧೬ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಂತೆ, ಈ ರೋಗದ ಸುಳಿವು ಕೊಡುವ ಪ್ರತಿಕಾಯಗಳು ರಕ್ತದಲ್ಲಿ ಕಂಡದ್ದು ಅಲ್ಲಿ ನೂರಕ್ಕೆ ೧.೨೩ ಮಂದಿಯಲ್ಲಿ, ದಕ್ಷಿಣದಲ್ಲಿ ೦.೧೦, ಎಂದರೆ ಸಾವಿರಕ್ಕೆ ಒಬ್ಬರಲ್ಲಿ. ಅಪರೂಪವೆಂಬುದೇ ಇಲ್ಲಿಯ ರೋಗಿಯ ಕಷ್ಟ. ಅಡಿಗೆಯವನು ಆ ಹೆಸರನ್ನೇ ಕೇಳಿರುವುದಿಲ್ಲ.

“ಇದರಲ್ಲಿ ಗ್ಲುಟೆನ್ ಇದೆಯೇ?” ಎಂದು ಕೇಳಿದರೆ, “ಇಲ್ಲ ಸಾರ್, ಅಂಥಾದ್ದೆಲ್ಲ ನಾವು ಹಾಕೋದಿಲ್ಲ, ಎಲ್ಲಾ ಮನೆ ಅಡಿಗೆ ಹಾಗೇ” ಎಂದು ಮಾಣಿ ನಗುನಗುತ್ತ ಹೇಳಿಯಾನು. ಅವನು ಸುಳ್ಳು ಹೇಳಿದವನಲ್ಲ. ಪ್ರಶ್ನೆ ಅವನಿಗೆ ತಿಳಿಯಲಿಲ್ಲ, ಅಷ್ಟೆ. ಅವನಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು: “ಮಗುವಿಗೆ ಗೋಧಿ, ಮೈದಾ, ರವೆ ಸೇರಿದರೆ ಕಾಯಿಲೆಯಾಗುತ್ತದಪ್ಪ. ಇಡ್ಲಿಯ ತಟ್ಟೆಯಲ್ಲಿ ರವೆ ಇಡ್ಲಿಯನ್ನೂ ಬೇಯಿಸುತ್ತೀರಾ? ವಡೆ ಕರಿದ ಎಣ್ಣೆಯಲ್ಲಿ ಪೂರಿಯನ್ನೂ ಕರಿದಿದ್ದೀರಾ? ಸಾಂಬಾರಿಗೆ ಯಾವ ಇಂಗು?” ಜನಸಂದಣಿಯಿಲ್ಲದ ಹೊತ್ತಿನಲ್ಲಿ ಹೋಗಿ, ಯಜಮಾನರೊಡನೆ ಮಾತನಾಡುವುದು ಇನ್ನೂ ಮೇಲು. “ನಮ್ಮಲ್ಲಿ ಎಲ್ಲವೂ ಒಂದೇ ಕಾವಲಿ, ಮಗುವಿಗೆ ಬೇಡಿ” ಎಂದು ನೇರವಾಗಿ ಹೇಳುವ ಹೋಟೆಲಿನವನು ವ್ಯಾಪಾರವನ್ನು ಕಳೆದುಕೊಂಡರೂ ಉಪಕಾರ ಮಾಡಿದವನು. ಸಂದೇಹವಿದ್ದಲ್ಲಿ ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಎಳನೀರು, ಮನೆಯಿಂದ ತಂದ ಬುತ್ತಿ ಇದ್ದೇ ಇವೆ.

ಒಂದು ಎಚ್ಚರಿಕೆಯ ಮಾತು. ಹೊಟ್ಟೆಯುಬ್ಬರ ಕಂಡೊಡನೆ ಯಾರೂ ತಾವಾಗಿಯೇ ಗೋಧಿಯನ್ನು ಬಿಡಬಾರದು. ರಕ್ತಪರೀಕ್ಷೆಯಲ್ಲಿ ರೋಗ ಕಾಣಿಸಬೇಕಾದರೆ ರೋಗಿ ಆಗ ಗೋಧಿ ತಿನ್ನುತ್ತಿರಬೇಕು. ಮೊದಲು ವೈದ್ಯರು, ಆಮೇಲೆ ಪಥ್ಯ. ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರನ್ನೂ ಹೆತ್ತವರನ್ನೂ ಮಕ್ಕಳನ್ನೂ ಪರೀಕ್ಷಿಸುವುದು ಒಳ್ಳೆಯದು.

ಹೋಟೆಲಿಗಿಂತಲೂ ಕಠಿಣವಾದ ಪರೀಕ್ಷೆ ನಂಟರ ಮನೆಯದು. ಸತ್ಯನಾರಾಯಣ ಪೂಜೆಯ ಸಜ್ಜಿಗೆ, ಮದುವೆಯ ಹೋಳಿಗೆ, ಬೇಡವೆನ್ನಲು ದಾಕ್ಷಿಣ್ಯ. ಅನೇಕ ರೋಗಿಗಳ ಪಥ್ಯ ಕೆಡುವುದು ನಾಲಗೆಯ ಚಪಲದಿಂದಲ್ಲ, ಈ ದಾಕ್ಷಿಣ್ಯದಿಂದ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರೆ ದೇವರು ಮುನಿಯಲಾರನು, ಬಡಿಸುವವರೂ ಮುನಿಯಬಾರದು. ಸಕ್ಕರೆ ಕಾಯಿಲೆಯವರ ಎಲೆಗೆ ಪಾಯಸ ಬಡಿಸದಿರುವ ಔಚಿತ್ಯವನ್ನು ನಮ್ಮ ಮನೆಗಳು ಕಲಿತಿವೆ. ಇದನ್ನೂ ಕಲಿಯಬಲ್ಲವು.

ಬೇರೆಯವರಿಗೆ ಮದ್ದು ಔಷಧದಂಗಡಿಯಲ್ಲಿ ಸಿಕ್ಕುತ್ತದೆ. ಸೀಲಿಯಾಕ್ ರೋಗಿಗೆ ಮದ್ದು ಸಿಕ್ಕುವುದು ಅಡಿಗೆಮನೆಯಲ್ಲಿ. ಅದನ್ನು ಅಳೆದು ಕೊಡುವವರು ಕಾವಲಿಯ ಮುಂದೆ ಬೆವರುತ್ತ ನಿಂತ ಅಪರಿಚಿತರು. ಅವರನ್ನು ನಾಲ್ಕು ಪ್ರಶ್ನೆ ಕೇಳುವುದು ಕೊಂಕಲ್ಲ, ಕೊಬ್ಬಲ್ಲ, ಪ್ರಾಣದ ಅಗತ್ಯ. ಈ ರೋಗವುಳ್ಳವರಿಗೆ ಊಟ ಬಲ್ಲವರಾಗುವುದಷ್ಟೇ ಸಾಲದು, ಮಾತು ಬಲ್ಲವರೂ ಆಗಬೇಕು. ಮಿಕ್ಕವರು ಆ ಮಾತನ್ನು ಸಹನೆಯಿಂದ ಕೇಳಬೇಕು.