ಅಲೆದಾಡಿದ ದೊರೆಗೆ ಕಟ್ಟಿದ ಕೊನೆಯ ಮನೆ

ಬೆಂಗಳೂರಿನಿಂದ ಹೊರಡುವ ರಾಜಧಾನಿ ಎಕ್ಸ್‌ಪ್ರೆಸ್ ಕೊನೆಗೆ ತಲುಪುವುದು ದೆಹಲಿಯ ಹಜರತ್ ನಿಜಾಮುದ್ದೀನ್ ನಿಲ್ದಾಣವನ್ನು. ಗಂಟುಮೂಟೆ ಇಳಿಸಿ ಆಟೋ ಹಿಡಿಯುವ ಅವಸರದಲ್ಲಿರುವವರಿಗೆ ಮೊಘಲ ದೊರೆ ಹುಮಾಯೂನನ ಗೋರಿ ಅಲ್ಲೇ ಹತ್ತಿರದಲ್ಲಿದೆ ಎಂಬುದು ನೆನಪಾಗುವುದು ಕಡಿಮೆ. ದೆಹಲಿಗೆ ಬಂದವರ ಕಣ್ಣೆಲ್ಲ ಆಗ್ರಾದ ಮೇಲೆ. ಆದರೆ ತಾಜ್‌ಮಹಲಿನ ಕೆಲಸ ಆರಂಭವಾಗುವುದಕ್ಕೆ ಅರವತ್ತು ವರ್ಷ ಮೊದಲೇ ಎತ್ತರದ ಜಗಲಿ, ಬಿಳಿ ಅಮೃತಶಿಲೆಯ ಗುಮ್ಮಟ, ಸುತ್ತ ನೀರಿನ ಕಾಲುವೆಗಳ ತೋಟ ಎಂಬ ಮಾದರಿ ಇಲ್ಲಿ ಸಿದ್ಧವಾಗಿತ್ತು. ತಾಜ್ ಬೆಳೆದದ್ದು ಈ ಬೇರಿನಿಂದ.

ಇಲ್ಲಿ ಮಲಗಿರುವ ದೊರೆಗೆ ಬದುಕಿದ್ದಾಗ ನೆಲೆ ಎಂಬುದೇ ಇರಲಿಲ್ಲ. 1530ರಲ್ಲಿ ತಂದೆ ಬಾಬರನ ಸಿಂಹಾಸನವೇರಿದ ಹುಮಾಯೂನ್ 1539ರಲ್ಲಿ ಚೌಸಾದಲ್ಲಿ, ಮರುವರ್ಷ ಕನೌಜಿನಲ್ಲಿ ಶೇರ್ ಷಾನ ಕೈಯಲ್ಲಿ ಸೋತ. ಸಿಂಧ್, ಅಫ್ಘಾನಿಸ್ತಾನ ಎಂದು ಅಲೆದ. ಪರ್ಷಿಯಾದ ದೊರೆಯ ಆಶ್ರಯ ಬೇಡಿದ. ಹದಿನೈದು ವರ್ಷಗಳ ಬಳಿಕ 1555ರಲ್ಲಿ ದೆಹಲಿಯನ್ನು ಮರಳಿ ಗೆದ್ದನಾದರೂ, ಕೆಲವೇ ತಿಂಗಳಲ್ಲಿ, 1556ರ ಜನವರಿಯಲ್ಲಿ, ಪುರಾನಾ ಕಿಲಾದ ತನ್ನ ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ಸತ್ತ ಮೇಲೂ ಅಲೆದಾಟ ನಿಲ್ಲಲಿಲ್ಲ. ಹೇಮು ದೆಹಲಿಯನ್ನು ವಶಪಡಿಸಿಕೊಂಡಾಗ ಮೊಘಲರು ಶವವನ್ನು ಪಂಜಾಬಿನ ಸರ್‌ಹಿಂದ್‌ಗೆ ಸಾಗಿಸಬೇಕಾಯಿತು.

ಇಂಥವನಿಗೆ ಒಂದು ಶಾಶ್ವತ ಮನೆ ಕಟ್ಟಬೇಕೆಂದು ಹೊರಟವಳು ಹಿರಿಯ ರಾಣಿ ಬೇಗಾ ಬೇಗಂ ಎಂಬುದು ಬಹುಕಾಲದ ನಂಬಿಕೆ. ಹಜ್ ಯಾತ್ರೆ ಮಾಡಿದ್ದರಿಂದ ಆಕೆಗೆ ಹಾಜಿ ಬೇಗಂ ಎಂದೂ ಹೆಸರು. ಮಗ ಅಕ್ಬರನ ಪಾಲೂ ದೊಡ್ಡದೆಂದು ಇತ್ತೀಚಿನ ಇತಿಹಾಸಕಾರರು ಹೇಳುತ್ತಾರೆ. 1560ರ ದಶಕದಲ್ಲಿ ಆರಂಭವಾದ ಕೆಲಸ 1570ರ ಆಸುಪಾಸಿನಲ್ಲಿ ಮುಗಿಯಿತು. ಹೆರಾತ್, ಬುಖಾರಾಗಳಲ್ಲಿ ಕೆಲಸ ಮಾಡಿದ್ದ ಮೀರಕ್ ಮಿರ್ಜಾ ಘಿಯಾಸ್ ಇದರ ಶಿಲ್ಪಿ. ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಅವರ ದರ್ಗಾದ ನೆರೆಯನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಸಂತರ ಸಮಾಧಿಯ ಬಳಿ ಮಣ್ಣಾಗುವುದು ಪುಣ್ಯವೆಂಬ ಭಾವನೆಯಿಂದ ಆ ಪ್ರದೇಶದಲ್ಲಿ ಆಗಲೇ ಹಲವು ಗೋರಿಗಳು ಎದ್ದಿದ್ದವು.

ಅವುಗಳಲ್ಲೊಂದು ಇಂದಿಗೂ ಪ್ರವಾಸಿಗರಿಗೆ ಮೊದಲು ಎದುರಾಗುತ್ತದೆ. ಟಿಕೆಟ್ ಪಡೆದು ಒಳಹೊಕ್ಕರೆ ಬಲಗಡೆ ಕಾಣುವ ಎಂಟು ಮೂಲೆಯ ಗೋರಿ ಈಸಾ ಖಾನ್ ನಿಯಾಜಿಯದು. ಈತ ಹುಮಾಯೂನನನ್ನು ಓಡಿಸಿದ ಶೇರ್ ಷಾನ ಆಸ್ಥಾನದ ಸರದಾರ. ಅವನ ಗೋರಿ ಕಟ್ಟಿದ್ದು 1547ರ ಸುಮಾರಿಗೆ. ಬದುಕಿದ್ದಾಗ ಎದುರಾಳಿಗಳಾಗಿದ್ದವರು ಈಗ ಅಕ್ಕಪಕ್ಕದಲ್ಲಿದ್ದಾರೆ.

ಎಂಟು ಸ್ವರ್ಗಗಳ ನಕ್ಷೆ

ಪಶ್ಚಿಮದ ಹೆಬ್ಬಾಗಿಲು ದಾಟಿದರೆ ಇಪ್ಪತ್ತೈದು ಎಕರೆಗೂ ಮಿಕ್ಕಿದ ತೋಟ. ಇದು ಚಾರ್‌ಬಾಗ್, ಅಂದರೆ ನಾಲ್ಕು ಭಾಗದ ತೋಟ. ಅಗಲವಾದ ದಾರಿಗಳೂ ಅವುಗಳ ನಡುವಿನ ಕಾಲುವೆಗಳೂ ನೆಲವನ್ನು ನಾಲ್ಕು ಪಾಲು ಮಾಡುತ್ತವೆ. ಪ್ರತಿ ಪಾಲನ್ನೂ ಕಾಲುದಾರಿಗಳು ಮತ್ತೆ ಚೌಕ ಚೌಕವಾಗಿ ಒಡೆಯುತ್ತವೆ. ಕಾಲುವೆಯ ಇಳಿಜಾರು ಕಣ್ಣಿಗೆ ಕಾಣದಷ್ಟು ಸಣ್ಣದು: 40 ಮೀಟರಿಗೆ 1 ಸೆಂಟಿಮೀಟರ್. ಅಷ್ಟರಲ್ಲೇ ನೀರು ನಿಲ್ಲದೆ, ರಭಸವೂ ಇಲ್ಲದೆ ಸಾಗಬೇಕು. ಒಂದು ಬದಿಯಲ್ಲಿ ಕಟ್ಟಡದ ಅಡಿಗೆ ಮಾಯವಾದಂತೆ ಕಾಣುವ ಕಾಲುವೆ ಇನ್ನೊಂದು ಬದಿಯಲ್ಲಿ ಅದೇ ನೇರಕ್ಕೆ ಮುಂದುವರಿಯುತ್ತದೆ. ಕುರಾನಿನಲ್ಲಿ ಬರುವ, ಅಡಿಯಲ್ಲಿ ನದಿಗಳು ಹರಿಯುವ ಸ್ವರ್ಗದ ತೋಟದ ಕಲ್ಪನೆ ಇದು.

ತೋಟದ ನಡುವೆ ಸುಮಾರು 7 ಮೀಟರ್ ಎತ್ತರದ ಜಗಲಿ. ಅದರ ನಾಲ್ಕೂ ಬದಿಗೆ ಸಾಲು ಕಮಾನುಗಳು, ಕಮಾನಿನ ಹಿಂದೆ ಕೋಣೆಗಳು, ಕೋಣೆಗಳಲ್ಲಿ ಗೋರಿಗಳು. ಜಗಲಿಯ ಮೇಲೆ ಕೆಂಪು ಮರಳುಗಲ್ಲಿಗೆ ಬಿಳಿ ಅಮೃತಶಿಲೆಯ ಅಂಚುಪಟ್ಟಿ ಕೂರಿಸಿದ ಮುಖ್ಯ ಕಟ್ಟಡ. ಇದರ ಒಳವಿನ್ಯಾಸವನ್ನು ‘ಹಶ್ತ್ ಬಿಹಿಶ್ತ್’ ಎನ್ನುತ್ತಾರೆ. ಎಂಟು ಸ್ವರ್ಗಗಳು ಎಂದು ಅದರ ಅರ್ಥ. ನಡುವಿನ ದೊಡ್ಡ ಅಂಕಣದ ಸುತ್ತ ಎಂಟು ಅಂಕಣಗಳು ಒಂದಕ್ಕೊಂದು ಹೊಂದಿಕೊಂಡಿವೆ. ದೊರೆಯ ಹೆಸರಿನ ಅಮೃತಶಿಲೆಯ ಗೋರಿ ನಟ್ಟನಡುವೆ ಇದೆ. ಆದರೆ ಅದು ಗುರುತಿನ ಗೋರಿ ಮಾತ್ರ. ದೇಹವನ್ನು ಮಣ್ಣು ಮಾಡಿರುವುದು ಅದರ ನೇರ ಕೆಳಗೆ, ನೆಲಮಟ್ಟದ ಕೋಣೆಯಲ್ಲಿ.

ಒಂದರೊಳಗೊಂದು ಗುಮ್ಮಟ

ಶಿಲ್ಪಿಯ ಎದುರಿಗಿದ್ದ ದೊಡ್ಡ ಸಮಸ್ಯೆ ಗುಮ್ಮಟದ್ದು. ಇಷ್ಟು ದೊಡ್ಡ ತೋಟದ ಯಾವ ಮೂಲೆಯಿಂದ ನೋಡಿದರೂ ಗುಮ್ಮಟ ಎದ್ದು ಕಾಣಬೇಕು. ಅಂದರೆ ಬಹಳ ಎತ್ತರವಿರಬೇಕು. ಆದರೆ ಒಳಗೆ ನಿಂತವನಿಗೆ ಆ ಎತ್ತರ ತಲೆಯ ಮೇಲೆ ಬಾವಿ ಮಗುಚಿದಂತೆ ತೋರೀತು. ಇದಕ್ಕೆ ಮಧ್ಯ ಏಷ್ಯಾದ ಕಟ್ಟಡಗಾರರು ಕಂಡುಕೊಂಡಿದ್ದ ಉಪಾಯವೇ ಜೋಡಿ ಗುಮ್ಮಟ. ಒಳಗಿನ ಗುಮ್ಮಟ ತಗ್ಗಾಗಿದ್ದು ಕೋಣೆಯ ಅಳತೆಗೆ ತಕ್ಕ ಮಾಳಿಗೆಯಾಗುತ್ತದೆ. ಹೊರಗಿನದು ಅದರಿಂದ ಬಿಡಿಸಿಕೊಂಡು, ಆಕಾಶಕ್ಕೆ ತಕ್ಕ ಎತ್ತರಕ್ಕೇರುತ್ತದೆ. ಎರಡರ ನಡುವೆ ಇರುವುದು ಬರೀ ಪೊಳ್ಳು.

ವಿಜಯಪುರದ ಗೋಳಗುಮ್ಮಟ ಕಂಡವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಹದಿನೇಳನೆಯ ಶತಮಾನದ ಆ ಗುಮ್ಮಟಕ್ಕೆ ಇರುವುದು ಒಂದೇ ಹೊದಿಕೆ. ಹೊರಗಿನ ಬೃಹತ್ತೆಲ್ಲ ಒಳಗೂ ಹಾಗೇ ಎದುರಾಗಿ ನೋಡುವವನನ್ನು ಬೆರಗುಗೊಳಿಸುತ್ತದೆ. ಇಲ್ಲಿ ಹಾಗಲ್ಲ. ಹೊರಗೆ ಸಾಮ್ರಾಜ್ಯದ ಠೀವಿ; ಒಳಗೆ ಕಲ್ಲಿನ ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು, ಅಲಂಕಾರವಿಲ್ಲದ ಒಂದು ಗೋರಿ. ಮೆಕ್ಕಾದ ದಿಕ್ಕನ್ನು ತೋರಿಸುವ ಮಿಹ್ರಾಬನ್ನೂ ಗೋಡೆಯಲ್ಲಿ ಗೂಡಾಗಿ ಕೊರೆಯದೆ, ಪಶ್ಚಿಮದ ಜಾಲಂಧ್ರದಲ್ಲೇ ಗೆರೆಯಾಗಿ ಮೂಡಿಸಿದ್ದಾರೆ. ಸಂಜೆಯ ಬಿಸಿಲು ಅದರ ಮೂಲಕವೇ ಒಳಬರುತ್ತದೆ.

ಆಶ್ರಯ ಕೇಳಿ ಬಂದವರು

ಮುಂದೆ ಇದು ಇಡೀ ವಂಶದ ಮಸಣವಾಯಿತು. ಮೊಘಲ ಮನೆತನದ 150ಕ್ಕೂ ಹೆಚ್ಚು ಮಂದಿ ಇಲ್ಲಿ ಮಣ್ಣಾಗಿದ್ದಾರೆ. ತಮ್ಮ ಔರಂಗಜೇಬನ ಕಾಲದಲ್ಲಿ 1659ರಲ್ಲಿ ಕೊಲೆಯಾದ ದಾರಾ ಶಿಕೋನ ಗೋರಿಯೂ ಇಲ್ಲೇ ಎಲ್ಲೋ ಇದೆಯೆಂದು ಹೇಳುತ್ತಾರೆ. ಹೆಚ್ಚಿನ ಗೋರಿಗಳ ಮೇಲೆ ಹೆಸರಿಲ್ಲದ್ದರಿಂದ ಯಾವುದು ಯಾರದೆಂದು ಗುರುತಿಸುವುದು ಕಷ್ಟ. ತೋಟದ ಆಗ್ನೇಯಕ್ಕಿರುವ ಚಿಕ್ಕ ಗುಮ್ಮಟವನ್ನು ಜನ ‘ಕ್ಷೌರಿಕನ ಗೋರಿ’ ಎಂದೇ ಕರೆಯುತ್ತಾರೆ.

1857ರ ಸೆಪ್ಟೆಂಬರಿನಲ್ಲಿ ದೆಹಲಿ ಬ್ರಿಟಿಷರ ಕೈಸೇರಿದಾಗ ಕೊನೆಯ ಮೊಘಲ ದೊರೆ ಬಹಾದ್ದೂರ್ ಷಾ ಜಫರ್ ಓಡಿಬಂದದ್ದು ಪೂರ್ವಜನ ಈ ಗೋರಿಗೆ. ಬ್ರಿಟಿಷ್ ಅಧಿಕಾರಿ ಹಾಡ್ಸನ್ ಜೀವದಾನದ ಮಾತು ಕೊಟ್ಟು ಮುದಿ ದೊರೆಯನ್ನು ಇಲ್ಲಿಂದ ಸೆರೆ ಒಯ್ದ. ಬಳಿಕ ಇಲ್ಲೇ ಸಿಕ್ಕಿದ ಮೂವರು ರಾಜಕುಮಾರರನ್ನು ದೆಹಲಿ ನಗರದ ದಾರಿಯಲ್ಲಿ ಗುಂಡಿಟ್ಟು ಕೊಂದ. ಜಫರ್ 1862ರಲ್ಲಿ ರಂಗೂನಿನಲ್ಲಿ ಸೆರೆಯಾಳಾಗಿಯೇ ಸತ್ತ. ಬಂಧುಬಳಗವೆಲ್ಲ ಮಲಗಿರುವ ಈ ಆವರಣದಲ್ಲಿ ಅವನಿಗೆ ಜಾಗ ಸಿಗಲಿಲ್ಲ.

ತೊಂಬತ್ತು ವರ್ಷಗಳ ಬಳಿಕ ಇದೇ ತೋಟಕ್ಕೆ ಇನ್ನೂ ದೊಡ್ಡ ಗುಂಪು ಬಂತು. 1947ರ ವಿಭಜನೆಯ ಗಲಭೆಯಲ್ಲಿ ಮನೆಮಠ ಕಳೆದುಕೊಂಡವರಿಗೆ ಹುಮಾಯೂನನ ಗೋರಿಯೂ ಪುರಾನಾ ಕಿಲಾವೂ ನಿರಾಶ್ರಿತರ ಶಿಬಿರಗಳಾದವು. ಸ್ವರ್ಗದ ತೋಟದಲ್ಲಿ ಒಲೆ ಹೊತ್ತಿಸಿ ಜನ ದಿನ ದೂಡಿದರು. ಕಾಲುವೆಗಳೂ ಹುಲ್ಲುಹಾಸೂ ಹಾಳಾದವು. ಆದರೆ ಅಲೆದಾಡಿದ ದೊರೆಗೆ ಕಟ್ಟಿದ ಮನೆ ಅಂದು ನೆಲೆ ತಪ್ಪಿದವರ ತಲೆಗೆ ಸೂರಾಗಿತ್ತು.

ಸಿಮೆಂಟು ಹೋಗಿ ಸುಣ್ಣ ಬಂತು

ಕಟ್ಟಡಕ್ಕೆ ಹೆಚ್ಚಿನ ಅಪಾಯ ಬಂದದ್ದು ಮಾತ್ರ ಜನರಿಂದಲ್ಲ, ರಿಪೇರಿಯಿಂದ. ಇಪ್ಪತ್ತನೆಯ ಶತಮಾನದಲ್ಲಿ ಸೋರುವ ಮಾಳಿಗೆಗೆ ಪದರದ ಮೇಲೆ ಪದರವಾಗಿ ಸಿಮೆಂಟ್ ಕಾಂಕ್ರೀಟ್ ಬಳಿಯಲಾಗಿತ್ತು. ಸುಣ್ಣದ ಗಾರೆ ತೇವ ಹೀರಿದರೂ ಹೊರಬಿಡುತ್ತದೆ. ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಹಳೆಯ ಗೋಡೆಯನ್ನು ಮೆತ್ತಗೆ ಮಾಡುತ್ತದೆ. 1993ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಬಳಿಕ ಪುರಾತತ್ವ ಸರ್ವೇಕ್ಷಣ ಇಲಾಖೆ ಮತ್ತು ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ ಸೇರಿ 2003ರ ಹೊತ್ತಿಗೆ ತೋಟದ ಕಾಲುವೆಗಳಲ್ಲಿ ಮತ್ತೆ ನೀರು ಹರಿಸಿದವು. 2007ರಿಂದ 2013ರವರೆಗೆ ಕಟ್ಟಡದ ದುರಸ್ತಿ ನಡೆಸಿದವು. ಮಾಳಿಗೆಯಿಂದ ತೆಗೆದ ಕಾಂಕ್ರೀಟಿನ ತೂಕ ಸುಮಾರು 10 ಲಕ್ಷ ಕಿಲೋ. ಅದರ ಜಾಗಕ್ಕೆ ಸುಣ್ಣದ ಗಾರೆ ಬಂತು.

ಗುಮ್ಮಟದ ಸುತ್ತಲಿನ ಛತ್ರಿಗಳ ಬಣ್ಣದ ಬಿಲ್ಲೆಗಳ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಅವನ್ನು ಸುಡುವ ವಿದ್ಯೆ ದೆಹಲಿಯಲ್ಲಿ ಮರೆತೇಹೋಗಿತ್ತು. ಉಜ್ಬೇಕಿಸ್ತಾನದ ಕುಶಲಿಗಳನ್ನು ಕರೆಸಿ, ಪಕ್ಕದ ನಿಜಾಮುದ್ದೀನ್ ಬಸ್ತಿಯ ಯುವಕರಿಗೆ ಅದನ್ನು ಕಲಿಸಲಾಯಿತು. ಉಳಿದಿದ್ದ ಹಳೆಯ ಬಿಲ್ಲೆಗಳನ್ನು, ಬಣ್ಣ ಮಾಸಿದ್ದರೂ, ಕೀಳಲಿಲ್ಲ. ಬಿದ್ದುಹೋದ ಜಾಗದಲ್ಲಷ್ಟೇ ಹೊಸದನ್ನು ಕೂರಿಸಿದರು. ಹೀಗೆ ಹೊಸದು ಸೇರಿಸುವುದು ಸರಿಯೇ, ಕಾಲ ಮಾಡಿದ ಗಾಯವನ್ನು ಹಾಗೇ ಬಿಡಬೇಕಿತ್ತೇ ಎಂಬ ಚರ್ಚೆ ತಜ್ಞರಲ್ಲಿ ನಡೆದೇ ಇದೆ.

2014ರ ಮೇ ತಿಂಗಳ ಬಿರುಗಾಳಿ ಗುಮ್ಮಟದ ಕಳಶವನ್ನೇ ಉರುಳಿಸಿತು. ಹೊಸದನ್ನು ಮಾಡಿ ಏರಿಸಲಾಗಿದೆ. ಬಿದ್ದ ಹಳೆಯ ಕಳಶ 2024ರಲ್ಲಿ ತೆರೆದ ಪಕ್ಕದ ವಸ್ತುಸಂಗ್ರಹಾಲಯದಲ್ಲಿದೆ. ಶತಮಾನಗಳ ಕಾಲ ತಲೆಯೆತ್ತಿ ನೋಡಬೇಕಾಗಿದ್ದ ಕಳಶವನ್ನು ಈಗ ಹತ್ತಿರ ನಿಂತು ನೋಡಬಹುದು.